ಮೂಡಲಿಗೆ ಮುಖ ಮಾಡಿ ನಿಂತ ಲಾರಿ

ಹಳೆಯ ಲಾರಿಯ ಡ್ರೈವರು ಚಳಿಗಾಲದಲ್ಲಿ ಬೆಳಕು ಹರಿಯುವ ಮೊದಲೇ ಫೋನ್ ಮಾಡಿದರೆ, ಎತ್ತುವ ಮುಂಚೆಯೇ ನಾನು ಬೈಯಲು ಶುರು ಮಾಡಿರುತ್ತೇನೆ. ನನ್ನ ಗ್ಯಾರೇಜು ಇರುವುದು ಮರಾಠಿ ಸೀಮೆಯ ಸಿನ್ನರದಲ್ಲಿ. ಅಲ್ಲಿಂದ ನಿಫಾಡದ ಕಡೆ ಇಳಿದರೆ ದ್ರಾಕ್ಷಿ ತೋಟಗಳ ಸೀಮೆ. ಜನವರಿಯಲ್ಲಿ ಅಲ್ಲಿ ಬೀಳುವ ಚಳಿಗೆ ಬಳ್ಳಿ ಕರಕಲಾಗದಿರಲಿ ಎಂದು ರೈತರು ಬದುವಿನ ಮೇಲೆ ಬೆಂಕಿ ಹಾಕಿಕೊಂಡು ಕಾಯುತ್ತಾರೆ. ಬಳ್ಳಿಯದೇ ಆ ಗತಿಯಾದರೆ ಇಪ್ಪತ್ತು ವರ್ಷ ದುಡಿದ ಎಂಜಿನ್ನಿನ ಪಾಡು ಕೇಳಬೇಕೆ. ಆ ದಿನಗಳಲ್ಲಿ ನನ್ನ ಫೋನು ಕೋಳಿಗಿಂತ ಮೊದಲು ಕೂಗುತ್ತದೆ.

ಆ ದಿನ ಕೂಗಿದ್ದು ನನ್ನ ಖಾಯಂ ಗಿರಾಕಿ, ಬಸವಕಲ್ಯಾಣದ ಕಡೆಯ ಡ್ರೈವರು. ನಾನು ಹುಮನಾಬಾದಿನವನು. ಪರಊರಲ್ಲಿ ನಮ್ಮ ಕಡೆಯ ಮಾತು ಕಿವಿಗೆ ಬಿದ್ದರೆ ಸಾಕು, ಕೆಲಸ ಬಿಟ್ಟು ಓಡುವ ಚಟ ನನ್ನದು. ಮನೆಯಲ್ಲಿ ಮಕ್ಕಳಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ ಬರುತ್ತದೆ. ಹೀಗಾಗಿ ಬೈಯುವುದಕ್ಕಾದರೂ ಇಂಥ ಡ್ರೈವರು ಬೇಕು.

"ಮಿಸ್ತ್ರಿ, ಗಾಡಿ ಏಳವಲ್ದು. ಮ್ಯಾಲ ಜೇನ ಭರ್ತಿ ಅದಾವ" ಎಂದ.

ಬೈಗುಳ ಬಾಯಲ್ಲೇ ಉಳಿಯಿತು. ಜೇನಿನ ಪೆಟ್ಟಿಗೆಗಳ ಲೋಡು ಎಂದರೆ ಏನೆಂದು ನನಗೆ ಗೊತ್ತಿತ್ತು. ಸಂಜೆ ಹುಳಗಳೆಲ್ಲ ಮರಳಿದ ಮೇಲೆ ಪೆಟ್ಟಿಗೆಯ ಬಾಗಿಲಿಗೆ ಜಾಲರಿ ಬಡಿದು ಲಾರಿಗೆ ಏರಿಸುತ್ತಾರೆ. ಕತ್ತಲೆಯಲ್ಲೇ ದಾರಿ ಸಾಗಬೇಕು. ಗಾಡಿ ಓಡುತ್ತಿದ್ದರೆ ಗಾಳಿ ಆಡುತ್ತದೆ, ಹುಳ ತಣ್ಣಗಿರುತ್ತವೆ. ಬಿಸಿಲು ಬಿದ್ದ ಮೇಲೂ ಗಾಡಿ ನಿಂತೇ ಇದ್ದರೆ ಅವು ಹೊರಬೀಳಲು ಬಾಗಿಲಿಗೆ ಮುಗಿಬಿದ್ದು, ಒಂದರ ಮೇಲೊಂದು ಬಿದ್ದು, ತಮ್ಮದೇ ಕಾವಿಗೆ ಬೆಂದು ಸಾಯುತ್ತವೆ. ಸಂಜೆಯೇ ಹೊರಡಬೇಕಾದ ಗಾಡಿ ಬೆಳಗಿನ ತನಕ ಯಾಕೆ ನಿಂತಿತ್ತು ಎಂದು ಕೇಳಿದೆ. ನಿನ್ನೆ ಎಳ್ಳಮಾಸಿ ಇತ್ತಲ್ಲ ಮಿಸ್ತ್ರಿ, ಅಂದ.

ಎಳ್ಳ ಅಮಾವಾಸ್ಯೆ ನಮ್ಮ ಬೀದರ, ಕಲಬುರಗಿಯವರಿಗೆ ಯಾವ ದೀಪಾವಳಿಗೂ ಕಡಿಮೆಯಲ್ಲ. ಹೊಲಕ್ಕೆ ಹೋಗಿ ಬೆಳೆಗೆ ನೈವೇದ್ಯವೆಂದು ಚರಗ ಚೆಲ್ಲಿ, ಸಜ್ಜಿ ಕಡಬು, ಭಜ್ಜಿ, ಅಂಬಲಿ ಉಂಡು ಬರುವ ದಿನ. ಆ ವರ್ಷ ಅದು ಸಂಕ್ರಾಂತಿಯ ಹತ್ತಿರಕ್ಕೆ ಬಂದಿತ್ತು. ಅಮಾವಾಸ್ಯೆಯ ದಿನ ಭರ್ತಿ ಗಾಡಿ ಹೊರಡಿಸಬಾರದು ಎಂಬುದು ಈ ಡ್ರೈವರನ ಕಟ್ಟುನಿಟ್ಟು. ಪೆಟ್ಟಿಗೆಗಳ ಒಡತಿ ಆಳಂದದ ಕಡೆಯ ಹೆಣ್ಣುಮಗಳು, ಆಕೆಯೂ ಅದೇ ಸೀಮೆಯವಳು, ಬೇಡ ಎನ್ನಲಿಲ್ಲ. ಬೆಳಗಿನ ಜಾವ ಹೊರಟರೆ ಬಿಸಿಲೇರುವ ಮೊದಲೇ ಸಂಭಾಜಿನಗರ ದಾಟಬಹುದು ಎಂದು ಲೆಕ್ಕ ಹಾಕಿದರು. ಲೆಕ್ಕ ತಪ್ಪೇನಲ್ಲ, ಗಾಡಿ ಚಾಲೂ ಆಗಿದ್ದರೆ.

ಎರಡು ಚಾರ್ಜಾದ ಬ್ಯಾಟರಿ, ಕೇಬಲ್, ಹೊಸ ಡೀಸೆಲ್ ಫಿಲ್ಟರ್, ನಟ್ಟು ಬಿಚ್ಚುವ ಪಾನಾಗಳ ಪೆಟ್ಟಿಗೆ ಪಿಕಪ್ಪಿಗೆ ಹಾಕಿಕೊಂಡು ಹೊರಟೆ. ತೋಟದ ನಡುವಿನ ಪ್ಯಾಕಿಂಗ್ ಶೆಡ್ಡಿನ ಅಂಗಳದಲ್ಲಿ ಲಾರಿ ನಿಂತಿತ್ತು. ಬದುವಿನ ಬೆಂಕಿಗಳ ಹೊಗೆ ನೆಲಕ್ಕೆ ಅಂಟಿಕೊಂಡಿತ್ತು. ಹೆಡ್‌ಲೈಟಿನ ಬೆಳಕು ಲಾರಿಯ ಮೇಲೆ ಬಿದ್ದಾಗ ನನಗೆ ಚಳಿ ಮರೆತುಹೋಗಿ ಸಿಟ್ಟು ಬಂತು.

ಲಾರಿ ಮದುಮಗನ ಹಾಗೆ ನಿಂತಿತ್ತು. ಡ್ರೈವರು ಪೈಪಿನ ನೀರು ಬಿಟ್ಟು ಅದರ ಮೈ ತೊಳೆದಿದ್ದ. ಬಂಪರಿಗೆ ಚೆಂಡುಹೂವಿನ ಹಾರ, ಗಾಜಿಗೆ ವಿಭೂತಿ, ಗಾಲಿಯ ಕೆಳಗೆ ನಿಂಬೆಹಣ್ಣು. ಇದೆಲ್ಲ ಇರಲಿ. ಮುಖ ಮಾತ್ರ ಮೂಡಲಿಗಿತ್ತು. ಆ ಅಂಗಳ ಮೂಡಲಿಂದ ಪಡುವಲಿಗೆ ಚೆನ್ನಾಗಿ ಇಳಿಜಾರು. ಹಳೆಯ ಲಾರಿಯನ್ನು ಚಳಿಗಾಲದಲ್ಲಿ ಹೇಗೆ ನಿಲ್ಲಿಸಬೇಕೆಂದು ಹೆದ್ದಾರಿಯ ಯಾವ ಡ್ರೈವರನಿಗೂ ಹೇಳಿಕೊಡಬೇಕಿಲ್ಲ. ಇಳಿಜಾರಿಗೆ ಮುಖ ಮಾಡಿ, ಗಾಲಿಗೆ ಕಲ್ಲು ಕೊಟ್ಟು ಮಲಗುವುದು. ಬೆಳಗ್ಗೆ ಬ್ಯಾಟರಿ ಕೈಕೊಟ್ಟರೆ ಕಲ್ಲು ತೆಗೆದು, ಎರಡನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ಎಂಜಿನ್ ಎದ್ದು ಕೂರುತ್ತದೆ. ಈತನೂ ವರ್ಷವಿಡೀ ಹಾಗೇ ನಿಲ್ಲಿಸುವವನು. ಆದರೆ ಪೂಜೆಗೆ ಗಾಡಿಯ ಮುಖ ಸೂರ್ಯ ಹುಟ್ಟುವ ಕಡೆ ಇರಬೇಕಲ್ಲ. ತಿರುಗಿಸಿ ನಿಲ್ಲಿಸಿ ಪೂಜೆ ಮಾಡಿದ, ಕಡಬು ತಿಂದ, ಹಾಗೇ ಮಲಗಿಬಿಟ್ಟ.

ಲಾರಿಯ ಪಕ್ಕದಲ್ಲಿ ಕಂಬಳಿ ಹೊದ್ದು ಪೆಟ್ಟಿಗೆಗಳ ಒಡತಿ ನಿಂತಿದ್ದಳು. ನಲವತ್ತರ ಆಸುಪಾಸು. ಸ್ವಂತ ಹೊಲವೆಂದು ಒಂದು ಗೇಣೂ ಇಲ್ಲ. ಕೈಬೆರಳಿನಲ್ಲಿ ಎಣಿಸುವಷ್ಟು ಪೆಟ್ಟಿಗೆಗಳಿಂದ ಶುರು ಮಾಡಿ ಒಂದು ಲಾರಿ ತುಂಬುವಷ್ಟಕ್ಕೆ ಬೆಳೆಸಿದ್ದಳು. ತೊಗರಿ ಹೂವಿಗೆ ಕಲಬುರಗಿ, ಆಮೇಲೆ ಸಾಸಿವೆ, ಕೊತ್ತಂಬರಿ ಹೂವಿಗೆ ಇಲ್ಲಿ, ಇಲ್ಲಿಂದ ಸಂಭಾಜಿನಗರದ ಆಚೆ ಈರುಳ್ಳಿ ಬೀಜದ ಹೊಲಗಳಿಗೆ. ಹೂವು ಅರಳಿದ ಕಡೆ ಆಕೆಯ ಸಂಸಾರ. ಈಗ ಅವಸರ ಯಾಕೆಂದರೆ, ಆ ದಿನ ಬೆಳಗಿನಿಂದಲೇ ಸುತ್ತಲಿನ ದ್ರಾಕ್ಷಿ ತೋಟಗಳಲ್ಲಿ ಔಷಧಿ ಹೊಡೆಯುವವರಿದ್ದರು. ಕೀಟಕ್ಕೆಂದು ಹೊಡೆಯುವ ಔಷಧಿಗೆ ಜೇನು ಬೇರೆ, ನುಸಿ ಬೇರೆ ಎಂದು ಎಲ್ಲಿ ಗೊತ್ತಾಗುತ್ತದೆ. ತೋಟದ ಬದುವಿನ ಮೇಲಿದ್ದ ಪೆಟ್ಟಿಗೆಗಳನ್ನೆಲ್ಲ ಅದಕ್ಕೇ ಹಿಂದಿನ ಸಂಜೆ ತನ್ನ ಆಳುಗಳಿಂದ ಎತ್ತಿಸಿ ಲಾರಿಗೆ ಏರಿಸಿದ್ದಳು.

ಮೊದಲು ಚಾವಿ ತಿರುಗಿಸಿ ನೋಡಿದೆ. ಎಂಜಿನ್ ತಿರುಗಿಸುವ ಸೆಲ್ಫ್ ಮೋಟರು ಒಮ್ಮೆ ನರಳಿ ಸುಮ್ಮನಾಯಿತು. ಚಳಿಗೆ ಬ್ಯಾಟರಿಯ ಶಕ್ತಿ ಅರ್ಧಕ್ಕೆ ಇಳಿದಿರುತ್ತದೆ. ಅದೇ ಚಳಿಗೆ ಎಂಜಿನ್ನಿನ ಅಡಿಯ ಚೇಂಬರಿನ ಆಯಿಲ್ ಕಾಕಂಬಿಯಂತೆ ಗಟ್ಟಿಯಾಗಿ ಎಂಜಿನ್ ತಿರುಗಲು ಇಮ್ಮಡಿ ಶಕ್ತಿ ಬೇಡುತ್ತದೆ. ನನ್ನ ಬ್ಯಾಟರಿಗಳನ್ನು ಜೋಡಿಸಿದೆ. ಈಗ ಎಂಜಿನ್ ಗರಗರ ತಿರುಗಿತು. ಆದರೆ ಸೈಲೆನ್ಸರಿನಲ್ಲಿ ಒಂದೆಳೆ ಹೊಗೆಯೂ ಇಲ್ಲ. ಹೊಗೆ ಇಲ್ಲವೆಂದರೆ ಡೀಸೆಲ್ ಬರುತ್ತಿಲ್ಲ.

ಫಿಲ್ಟರ್ ಬಿಚ್ಚಿದರೆ ಒಳಗೆ ತುಪ್ಪ ಹೆಪ್ಪುಗಟ್ಟಿದ ಹಾಗೆ ಬೆಳ್ಳಗೆ ಕೂತಿತ್ತು. ಟ್ಯಾಂಕು ಎಲ್ಲಿ ತುಂಬಿಸಿದೆ ಎಂದು ಕೇಳಿದೆ. ಸೋಲಾಪುರದ ಈಚೆಗಂತೆ, ಪೂರ್ತಿ. ಅಲ್ಲಿನ ಬಿಸಿಲಿಗೆ ಆ ಡೀಸೆಲ್ ಸರಿಯೇ. ಇಲ್ಲಿನ ಚಳಿಗೆ ಅದರೊಳಗಿನ ಮೇಣ ಗಟ್ಟಿಯಾಗಿ ಫಿಲ್ಟರಿಗೆ ಅಡ್ಡ ಕೂರುತ್ತದೆ. ಶೆಡ್ಡಿನ ಒಲೆಯ ಮೇಲೆ ನೀರು ಕಾಯಿಸಲು ಹೇಳಿದೆ. ಫಿಲ್ಟರ್ ಬದಲಿಸಿ, ಪೈಪುಗಳಿಗೆ ಗೋಣಿಚೀಲ ಸುತ್ತಿ, ಮೇಲಿಂದ ಬಿಸಿನೀರು ಹೊಯ್ದೆವು. ಪೈಪಿನೊಳಗೆ ಸಿಕ್ಕ ಏರ್ ತೆಗೆಯಲು ಹ್ಯಾಂಡ್ ಪಂಪು ಒತ್ತುತ್ತಾ ಕೂತೆ. ನಟ್ಟಿನ ಸಂದಿಯಿಂದ ಮೊದಲು ನೊರೆ, ಆಮೇಲೆ ನೊರೆ, ಮತ್ತೆ ನೊರೆ. ಹೆಬ್ಬೆರಳು ಮರಗಟ್ಟಿ ನನ್ನದೇ ಎನಿಸಲಿಲ್ಲ.

ಅಷ್ಟರಲ್ಲಿ ಡ್ರೈವರು ತನ್ನ ಬುದ್ಧಿ ಓಡಿಸಿದ್ದ. ಚೇಂಬರಿನ ಕೆಳಗೆ ಹುಲ್ಲು ಒಟ್ಟಿ ಕಡ್ಡಿ ಗೀರಲು ಕೂತಿದ್ದ. ಹಳೆಯ ಲಾರಿಗಳಿಗೆ ಎಲ್ಲರೂ ಮಾಡುವ ಉಪಾಯ ಅದು, ನಾನೂ ಎಷ್ಟೋ ಸಲ ಮಾಡಿದ್ದೇನೆ. ಆಕೆ ಬಂದು ಹುಲ್ಲಿನ ಮೇಲೆ ಕಾಲಿಟ್ಟು ನಿಂತಳು. ಮೇಲಿರುವುದು ಮೇಣ, ಕಟ್ಟಿಗೆ, ಜೀವ. ಒಂದು ಕಿಡಿ ಹಾರಿದರೆ ಎಲ್ಲ ಮುಗಿಯಿತು ಎಂದಳು. ಕಡೆಗೆ ಮಣ್ಣು ಹೊರುವ ಕಬ್ಬಿಣದ ಘಮೇಲಿಯಲ್ಲಿ ಬರೀ ಕೆಂಡ ಇಟ್ಟು ಕೆಳಗೆ ತಳ್ಳೋಣ ಎಂದು ಒಪ್ಪಿಸಿದೆ. ಇಟ್ಟು ಸ್ವಲ್ಪ ಹೊತ್ತಿಗೆ ಆಯಿಲ್ ಬೆಚ್ಚಗಾಯಿತೋ ಇಲ್ಲವೋ, ಮೇಲಿನ ಪೆಟ್ಟಿಗೆಗಳಲ್ಲಿ ಸದ್ದು ಏಳತೊಡಗಿತು. ಹೊಗೆಯ ವಾಸನೆಗೆ ಹುಳಗಳು ಎಚ್ಚೆತ್ತಿದ್ದವು. ಆಕೆ ಪೆಟ್ಟಿಗೆಯೊಂದಕ್ಕೆ ಕಿವಿ ಕೊಟ್ಟು ಕೇಳಿ, ಕೆಂಡ ತೆಗೆಯಿರಿ ಎಂದಳು. ತೆಗೆದೆವು.

ನನ್ನ ಇಷ್ಟು ವರ್ಷದ ಕಸುಬಿನಲ್ಲಿ ಇಂಥ ಸಿಕ್ಕು ನಾನು ಕಂಡಿರಲಿಲ್ಲ. ಎಂಜಿನ್ನಿಗೆ ಕಾವು ಬೇಕು, ಹುಳಗಳಿಗೆ ಚಳಿ ಬೇಕು. ಒಂದೇ ಗಾಡಿಯ ಕೆಳಗೊಂದು, ಮೇಲೊಂದು. ಸೂರ್ಯ ಬಂದರೆ ನನ್ನ ಕೆಲಸ ಹಗುರಾಗುತ್ತದೆ, ಆಕೆಯ ಬದುಕು ಹೋಗುತ್ತದೆ. ಮೂಡಲಲ್ಲಿ ಆಗಲೇ ಕೆಂಪು ಹರಡಿತ್ತು. ಡ್ರೈವರು ಬೇಕೆಂದೇ ತಿರುಗಿಸಿ ನಿಲ್ಲಿಸಿದ್ದ ಲಾರಿಯ ಮುಖಕ್ಕೆ ಅದು ನೇರವಾಗಿ ಬಡಿಯುವುದರಲ್ಲಿತ್ತು.

ಕೊನೆಗೂ ನೊರೆ ನಿಂತು ಶುದ್ಧ ಡೀಸೆಲ್ ಚಿಮ್ಮಿತು. ನಟ್ಟು ಬಿಗಿದು ಚಾವಿ ತಿರುಗಿಸಲು ಹೇಳಿದೆ. ಬಿಳಿ ಹೊಗೆ ಬಂತು. ಎಂಜಿನ್ ಎರಡು ಸಲ ಕೆಮ್ಮಿತು, ಹಿಡಿದೇ ಬಿಟ್ಟಿತು ಎನ್ನುವಷ್ಟರಲ್ಲಿ ಸೆಲ್ಫ್ ಕಿರುಗುಟ್ಟಿ ನಿಂತುಹೋಯಿತು. ಸುಟ್ಟ ವಾಸನೆ. ಓಡಿಹೋಗಿ ಬ್ಯಾಟರಿಯ ಕೇಬಲ್ ಕಿತ್ತೆ. ಹಿಂದಿನ ಸಂಜೆ ಪ್ರೀತಿಯಿಂದ ತೊಳೆದ ನೀರು ಸೆಲ್ಫಿನೊಳಗೆ ಹೊಕ್ಕಿತ್ತು.

ಆಗ ಡ್ರೈವರು ಇನ್ನೊಂದು ಮಾತು ತೆಗೆದ. ಹಿಂದಕ್ಕೆ ಇಳಿಸೋಣ, ರಿವರ್ಸ್ ಗೇರಿನಲ್ಲೂ ಎಂಜಿನ್ ಏಳುತ್ತದೆ ಎಂದ. ಏಳುತ್ತದೆ, ಸುಳ್ಳಲ್ಲ. ಆದರೆ ಎಂಜಿನ್ ಓಡದೆ ಬ್ರೇಕಿನ ಟ್ಯಾಂಕಿಗೆ ಗಾಳಿ ತುಂಬುವುದಿಲ್ಲ, ಗಾಳಿ ಇಲ್ಲದೆ ಆ ಗಾಡಿಗೆ ಬ್ರೇಕಿಲ್ಲ. ಮುಖ ಕೆಳಗಿದ್ದರೆ ದಾರಿ ಕಾಣುತ್ತದೆ, ತಿರುವಿನಲ್ಲಿ ತಿರುಗಿಸಿಕೊಳ್ಳಬಹುದು. ಇಲ್ಲಿ ಹಿಂದೆಲ್ಲ ಪೆಟ್ಟಿಗೆ, ಕನ್ನಡಿಯಲ್ಲಿ ಏನೂ ಕಾಣದು. ಕೆಳಗೆ ದಾರಿ ತಿರುಗುವ ಕಡೆ ಎರಡೂ ಬದಿಗೆ ದ್ರಾಕ್ಷಿಯ ಕಲ್ಲುಕಂಬ, ತಂತಿ. ಉರುಳಿದರೆ ಜೇನೂ ಇಲ್ಲ, ಇವನೂ ಇಲ್ಲ. ಚಾವಿ ತೆಗೆದು ನನ್ನ ಜೇಬಿಗೆ ಹಾಕಿಕೊಂಡೆ. ಆತ ನನ್ನ ಮುಖ ನೋಡಲಿಲ್ಲ.

ತೋಟದ ಯಜಮಾನ ಟ್ರ್ಯಾಕ್ಟರ್ ತಂದ. ಬೆಳಗ್ಗೆಯೇ ಔಷಧಿ ಕಲೆಸಿ ಹಿಂದೆ ಕಟ್ಟಿದ್ದ ಟಾಕಿಯನ್ನು ಬಿಚ್ಚಿಟ್ಟು, ಸರಪಳಿ ಹಾಕಿ, ಎಂಜಿನ್ ಎಬ್ಬಿಸಲು ಲಾರಿಯನ್ನು ಏರಿಗೆ ಎಳೆದು ನೋಡಿದ. ಇಬ್ಬನಿಗೆ ನೆನೆದ ಕರಿಮಣ್ಣಿನಲ್ಲಿ ಟ್ರ್ಯಾಕ್ಟರಿನ ಗಾಲಿ ನಿಂತಲ್ಲೇ ಸುತ್ತಿದವು, ಲಾರಿ ಅಲ್ಲಾಡಿತು, ಅಷ್ಟೇ. ಆತ ಒಳ್ಳೆಯ ಮನುಷ್ಯ. ಆದರೂ ಔಷಧಿ ಹೊಡೆಯುವುದನ್ನು ಮರುದಿನಕ್ಕೆ ಹಾಕಲು ಆಗದು ಎಂದ. ಕಲೆಸಿಟ್ಟಿದ್ದು ಕೆಡುತ್ತದೆ, ಇಂಥ ಇಬ್ಬನಿಗೆ ಒಂದು ದಿನ ತಪ್ಪಿದರೆ ಕಾಯಿ ಹೋಗುತ್ತದೆ, ತಾನು ನಿಲ್ಲಿಸಿದರೂ ಪಕ್ಕದವರು ನಿಲ್ಲಿಸುವುದಿಲ್ಲ. "ಕಾಯ್ ಕರಣಾರ್" ಎಂದು ಕೈ ಚೆಲ್ಲಿದ. ಏನು ಮಾಡುವುದು ಎಂದು ನಾವೆಲ್ಲ ನಮ್ಮ ನಮ್ಮ ಭಾಷೆಯಲ್ಲಿ ಅದನ್ನೇ ಕೇಳಿಕೊಳ್ಳುತ್ತಿದ್ದೆವು.

ಉಳಿದದ್ದು ಸೆಲ್ಫ್ ಬಿಚ್ಚುವುದು. ಲಾರಿಯ ಸೆಲ್ಫ್ ಎಂದರೆ ಎದೆಯ ಮೇಲೆ ಕೂರಿಸಿಕೊಂಡ ಮಗುವಿನಷ್ಟು ಭಾರ. ನೆಲದ ಮೇಲೆ ಮಲಗಿ, ಇಬ್ಬನಿಯಲ್ಲಿ ಬೆನ್ನು ನೆನೆಸಿಕೊಂಡು ಇಳಿಸಿದೆ. ಒಳಗೆ ಕರೆಂಟು ಹಾಯಿಸುವ ಕಾರ್ಬನ್ ನೆನೆದು ಅಂಟಿಕೊಂಡಿತ್ತು. ಪುಣ್ಯಕ್ಕೆ ಪೂರ್ತಿ ಸುಟ್ಟಿರಲಿಲ್ಲ. ಒಲೆಯ ಪಕ್ಕದಲ್ಲಿಟ್ಟು ಒಣಗಿಸಿ, ಉಜ್ಜುವ ಕಾಗದದಿಂದ ತಿಕ್ಕತೊಡಗಿದೆ.

ಬಿಸಿಲು ಲಾರಿಯ ಗಾಜಿಗೆ ಬಂತು, ಆಮೇಲೆ ಮೊದಲ ಸಾಲಿನ ಪೆಟ್ಟಿಗೆಗಳಿಗೆ. ಆಕೆ ಲೋಡಿನ ಮೇಲೆ ಹೊದಿಸಿದ್ದ ಬಲೆಗೆ ನೀರು ಚಿಮುಕಿಸುತ್ತಾ ಸುತ್ತಿದಳು. ಮೊದಲು ಮಂದವಾಗಿದ್ದ ಸದ್ದು ಏರಿತು. ದೂರದಿಂದ ಕೇಳಿದರೆ ಕಾರ್ಖಾನೆಯ ಶಿಫ್ಟು ಶುರುವಾದಂತಿತ್ತು. ಜಾಲರಿಗಳ ಹಿಂದೆ ಹುಳಗಳು ಕಪ್ಪಗೆ ಒತ್ತಿಕೊಂಡಿದ್ದವು. ಒಂದು ಪೆಟ್ಟಿಗೆಯ ಬಾಗಿಲಿಂದ ಜೇನು ಸೋರಿ ಹಲಗೆಯ ಮೇಲೆ ಇಳಿಯಿತು. ಒಳಗೆ ಮೇಣದ ಎರಿ ಮೆತ್ತಗಾಗುತ್ತಿದೆ ಎಂದರ್ಥ.

ಆಕೆ ನನ್ನ ಮುಂದೆ ಬಂದು ಕುಕ್ಕರಗಾಲಿನಲ್ಲಿ ಕೂತಳು. ಸೆಲ್ಫ್ ನನ್ನ ತೊಡೆಯ ಮೇಲಿತ್ತು.

"ಅಣ್ಣಾರ, ಖರೇ ಹೇಳ್ರಿ. ಗಾಡಿ ಚಾಲೂ ಆಗ್ತದೋ ಇಲ್ಲೋ?"

"ಜೋಡಿಸಿ ನೋಡ್ಬೇಕ್ರಿ ಅಕ್ಕೋರ. ಆಗ್ತದಂತ ಹೇಳ್ಲಿಕ್ಕ ಬರಂಗಿಲ್ಲ."

"ಈಗ ಬಾಗಲಾ ತೆಗದ್ರ ಇವು ಎಲ್ಲಿ ಹೋಗ್ತಾವ ಗೊತ್ತದ ಏನ್ರಿ? ನಿನ್ನಿ ತನಕ ಪೆಟ್ಟಿಗಿ ಇದ್ದ ಬದುವಿಗೇ ಹೋಗ್ತಾವ. ಅವಕ್ಕ ಹಳೀ ಮನೀನೇ ನೆನಪಿರ್ತದ. ಅಲ್ಲಿ ಮನೀ ಇಲ್ಲ, ಮ್ಯಾಲ ಔಷಧಿ. ತೆಗೀಲಿಲ್ಲಂದ್ರ ಇಲ್ಲೇ ಸಾಯ್ತಾವ."

ಸುಳ್ಳು ಧೈರ್ಯ ಹೇಳಿ ಗಿರಾಕಿಯನ್ನು ಕೂರಿಸುವುದು ನಮ್ಮ ಕಸುಬಿನಲ್ಲಿ ದಿನದ ಮಾತು. ಐದು ನಿಮಿಷ, ಆಯ್ತು, ಬಂತು ಎನ್ನುತ್ತಲೇ ಸಂಜೆ ಮಾಡಿಬಿಡುತ್ತೇವೆ. ಆಕೆಗೆ ಹಾಗೆ ಹೇಳಲು ನಾಲಗೆ ಏಳಲಿಲ್ಲ. ತಲೆ ತಗ್ಗಿಸಿ ತಿಕ್ಕುತ್ತಲೇ ಇದ್ದೆ. ಆಕೆ ಎದ್ದು ಹೋಗಿ ಆಳುಗಳಿಗೆ ಬಲೆ, ಜಾಲರಿ ತೆಗೆಯಲು ಹೇಳಿದಳು.

ಅವರು ಜಾಲರಿಗಳನ್ನು ಒಂದೊಂದಾಗಿ ಕಿತ್ತರು. ಹುಳಗಳು ಮೊದಲು ತಡೆದು ತಡೆದು ಹೊರಗೆ ಬಂದವು, ಹಲಗೆಯ ಮೇಲೆ ನಡೆದಾಡಿದವು. ಆಮೇಲೆ ಗುಂಪುಗುಂಪಾಗಿ ಎದ್ದವು. ಲಾರಿಯ ಮೇಲೆ ಒಂದೆರಡು ಸುತ್ತು ಹಾಕಿ, ಆಕೆ ಹೇಳಿದಂತೆಯೇ, ಹಳೆಯ ಬದುವಿನ ಕಡೆ ತಿರುಗಿದವು. ಬಾಗಿಲುಗಳಿಂದ ಸತ್ತ ಹುಳಗಳು ಕಾಳಿನಂತೆ ಉದುರಿ ಚೆಂಡುಹೂವಿನ ಎಸಳುಗಳ ಜೊತೆ ನೆಲದ ಮೇಲೆ ಬಿದ್ದಿದ್ದವು. ಡ್ರೈವರು ಗಾಲಿಗೆ ಒರಗಿ ಕೂತು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ. ಅಳುತ್ತಿದ್ದ.

ನಾನು ಸೆಲ್ಫ್ ಏರಿಸಿ, ಬೋಲ್ಟು ಬಿಗಿದು, ಕೇಬಲ್ ಹಾಕಿ ಚಾವಿ ಕೊಟ್ಟೆ. ಡ್ರೈವರು ಮುಖ ಒರೆಸಿಕೊಂಡು ಹತ್ತಿದ.

ಎಂಜಿನ್ ಮೊದಲ ತಿರುವಿಗೇ ಎದ್ದಿತು. ಬಿಸಿಲಿಗೆ ಆಯಿಲ್ ತೆಳುವಾಗಿತ್ತು, ಡೀಸೆಲ್ ಕರಗಿತ್ತು, ಸೆಲ್ಫ್ ಒಣಗಿತ್ತು. ಬೆಳಗಿನಿಂದ ನಮ್ಮನ್ನು ಸತಾಯಿಸಿದ ಗಾಡಿ ಏನೂ ಆಗಿಲ್ಲವೆಂಬಂತೆ ಗುರುಗುಟ್ಟಿತು. ಈಗ ಏಳದೆ ಹೋಗಿದ್ದರೇ ಚೆನ್ನಾಗಿತ್ತು ಎಂದು ನನ್ನ ಜೀವನದಲ್ಲಿ ಒಂದು ಎಂಜಿನ್ನಿನ ಬಗ್ಗೆ ನಾನು ಅಂದುಕೊಂಡದ್ದು ಅದೊಂದೇ ಸಲ. ಇನ್ನು ಆ ಗಾಡಿ ಸಂಜೆ ಹುಳ ಮರಳುವ ತನಕ ಹೊರಡುವ ಹಾಗಿರಲಿಲ್ಲ, ಏಕೆಂದರೆ ಮೇಲಿನ ಪೆಟ್ಟಿಗೆಗಳು ಅರ್ಧಕ್ಕರ್ಧ ಖಾಲಿ.

ಆಕೆ ಬಂದು ಎಂಜಿನ್ ಬಂದ್ ಮಾಡಲು ಕೈಸನ್ನೆ ಮಾಡಿದಳು. ಡ್ರೈವರು ನನ್ನ ಕಡೆ ನೋಡಿದ. ಬಂದ್ ಮಾಡಿದರೆ ಮತ್ತೆ ಏಳುತ್ತದೋ ಇಲ್ಲವೋ ಎಂಬ ಭಯ ಅವನಿಗೆ. ಮಾಡು ಎಂದೆ. ಎಂಜಿನ್ ನಿಂತಾಗ ತೋಟದ ಆ ಕೊನೆಯಿಂದ ಔಷಧಿ ಹೊಡೆಯುವ ಬ್ಲೋವರಿನ ಸದ್ದು ಕೇಳಿಸಿತು. ಪಕ್ಕದ ತೋಟದವನು ಶುರು ಮಾಡಿದ್ದ.

ಈ ತೋಟದ ಯಜಮಾನ ತನ್ನಿಂದಾದಷ್ಟು ಮಾಡಿದ. ಹಳೆಯ ಬದುವಿನ ಪಕ್ಕದ ಸಾಲುಗಳನ್ನು ಕೊನೆಗೆ ಉಳಿಸಿಕೊಂಡ. ಆಕೆ ಹಗಲೆಲ್ಲ ಅಲ್ಲೇ ಬದುವಿನ ಮೇಲೆ ಕೂತಿದ್ದಳು. ನಾನು ಸಿನ್ನರಕ್ಕೆ ಮರಳಬಹುದಿತ್ತು, ಕೆಲಸ ಕಾಯುತ್ತಿತ್ತು. ಹೋಗಲು ಕಾಲು ಬರಲಿಲ್ಲ. ಮರಳುವ ಹುಳಗಳಿಗೆ ಗುರುತು ತಪ್ಪುತ್ತದೆಂದು ಲಾರಿಯನ್ನು ಅಲುಗಿಸುವಂತಿರಲಿಲ್ಲ, ಹೀಗಾಗಿ ಅದರ ಮುಖ ತಿರುಗಿಸಲೂ ಆಗಲಿಲ್ಲ. ಡ್ರೈವರು ಹಾರ ಕಿತ್ತು ಶೆಡ್ಡಿನ ಹಿಂದೆ ಎಸೆದು ಬಂದ.

ಸಂಜೆ ಒಂದಿಷ್ಟು ಹುಳ ಲಾರಿಗೆ ಮರಳಿದವು. ಎಷ್ಟು ಎಂದು ನಾನು ಕೇಳಲಿಲ್ಲ. ಜಾಲರಿ ಬಡಿಯುವಾಗ ಆಳುಗಳು ಪೆಟ್ಟಿಗೆಗಳನ್ನು ಎತ್ತಿ ಸರಿಸುತ್ತಿದ್ದ ರೀತಿಯಲ್ಲೇ ಅವು ಹಗುರಾಗಿವೆ ಎಂದು ತಿಳಿಯುತ್ತಿತ್ತು. ಗಾಡಿ ಸಲೀಸಾಗಿ ಚಾಲೂ ಆಯಿತು. ಹೊರಡುವ ಮೊದಲು ಆಕೆ ಒಂದು ಪೆಟ್ಟಿಗೆ ಇಳಿಸಿ, ಹಳೆಯ ಬದುವಿನ ಮೇಲೆ, ಮೊದಲಿದ್ದ ಜಾಗದಲ್ಲೇ ಇಡಿಸಿದಳು. ದಾರಿ ತಪ್ಪಿ ಅಲ್ಲೇ ಸುತ್ತುವ ಹುಳಗಳಿಗೆ ಆಸರೆಗೆಂದು ಹಾಗೆ ಒಂದನ್ನು ಬಿಟ್ಟುಹೋಗುವುದು ಅವರ ಪದ್ಧತಿಯಂತೆ. ಅದನ್ನು ಎರಡು ದಿನ ಬಿಟ್ಟು ಈರುಳ್ಳಿ ಹೊಲಕ್ಕೆ ತರಲು ಆಗುತ್ತದೆಯೇ ಎಂದು ನನ್ನನ್ನು ಕೇಳಿದಳು. ಜೇನು ಎಂದರೆ ನನಗೆ ಮೈಯೆಲ್ಲ ಮುಳ್ಳು. ತರ್ತೀನ್ರಿ ಎಂದೆ.

ಹೇಳಿದ ದಿನ ಸೂರ್ಯ ಹುಟ್ಟುವ ಮೊದಲೇ ಹೋದೆ. ಪೆಟ್ಟಿಗೆಯ ಬಾಗಿಲ ಹೊರಗೆ ಮುಷ್ಟಿಯಷ್ಟು ಹುಳ ಒಂದಕ್ಕೊಂದು ಅಂಟಿಕೊಂಡು ಚಳಿಗೆ ಸೆಟೆದಿದ್ದವು. ಒಳಗೆ ಜಾಗ ಇರಲಿಲ್ಲವೋ, ಕತ್ತಲಾಗುವುದರೊಳಗೆ ಹೋಗಲು ಆಗಲಿಲ್ಲವೋ. ಆಕೆ ಹೇಳಿಕೊಟ್ಟಂತೆ ಕೋಳಿಯ ಪುಕ್ಕದಿಂದ ಮೆಲ್ಲಗೆ ಒಳಗೆ ಸರಿಸಿ ಜಾಲರಿ ಬಡಿದೆ. ಒಂದೂ ಕಚ್ಚಲಿಲ್ಲ. ಕಚ್ಚುವ ಶಕ್ತಿ ಅವಕ್ಕಿರಲಿಲ್ಲ.

ನನ್ನ ಪಿಕಪ್ಪು ಹೊಸದು, ಅದರ ಸೆಲ್ಫ್ ಯಾವ ಚಳಿಗೂ ಕೈಕೊಟ್ಟಿಲ್ಲ. ಆದರೂ ನಿಫಾಡದಿಂದ ಹೊರಟವನು ಎಲ್ಲೂ ಎಂಜಿನ್ ಬಂದ್ ಮಾಡಲಿಲ್ಲ. ಯೇವಲಾದಲ್ಲಿ ಚಹಾಕ್ಕೆ ನಿಂತಾಗಲೂ ಗಾಡಿ ಗುರುಗುಡುತ್ತಲೇ ಇತ್ತು. ಡೀಸೆಲ್ ಹೆಚ್ಚಾಗಿದೆಯಾ ಎಂದು ಚಹಾದವನು ಮರಾಠಿಯಲ್ಲಿ ಕುಟುಕಿದ. ಹೌದು ಎಂದೆ. ವೈಜಾಪುರ ದಾಟಿ, ಸಂಭಾಜಿನಗರ ದಾಟಿ, ಚಿಕಲಠಾಣಾದ ಆಚೆ ಈರುಳ್ಳಿ ಹೊಲ ಮುಟ್ಟಿದಾಗ ಬಿಸಿಲು ಇನ್ನೂ ಚುರುಕಾಗಿರಲಿಲ್ಲ. ಈರುಳ್ಳಿ ಹೂವಿನ ಬಿಳಿ ಚೆಂಡುಗಳು ಆಗತಾನೆ ಬಿರಿಯುತ್ತಿದ್ದವು. ಬದುವಿನುದ್ದಕ್ಕೆ ಆಕೆಯ ಪೆಟ್ಟಿಗೆಗಳು ಸಾಲಾಗಿದ್ದವು. ಕೆಲವಕ್ಕೆ ಬಾಗಿಲಲ್ಲಿ ಓಡಾಟವಿತ್ತು. ಕೆಲವನ್ನು ತಲೆಕೆಳಗು ಮಾಡಿ ಒಂದು ಬದಿಗೆ ಪೇರಿಸಿಟ್ಟಿದ್ದರು.

ಆಕೆ ನಡೆದು ಬಂದಳು. ಬಂದವಳೇ ಹೇಗಿದ್ದೀರಿ ಎಂದೂ ಕೇಳದೆ ಪಿಕಪ್ಪಿನ ಹಿಂದೆ ಬಗ್ಗಿ, ಪೆಟ್ಟಿಗೆಯ ಮುಚ್ಚಳಕ್ಕೆ ಕಿವಿ ಇಟ್ಟಳು. ನಾನು ಪಕ್ಕದಲ್ಲಿ ನಿಂತು ಆಕೆಯ ಮುಖವನ್ನೇ ನೋಡುತ್ತಿದ್ದೆ. ಆಕೆ ಕಣ್ಣು ಮುಚ್ಚಿ, ತೆರೆದು, ನನ್ನ ಕಡೆ ನೋಡಿದಳು.

"ಗಾಡಿ ಬಂದ್ ಮಾಡ್ರಿ ಅಣ್ಣಾರ. ಏನೂ ಕೇಳಸವಲ್ದು."

ಹೋಗಿ ಚಾವಿ ತಿರುಗಿಸಿದೆ. ಆಕೆ ಮತ್ತೆ ಕಿವಿ ಇಟ್ಟಳು. ನಾನೂ ಭಯ ಮರೆತು ಇನ್ನೊಂದು ಬದಿಯಿಂದ ಬಗ್ಗಿದೆ. ಮೊದಲು ನನಗೆ ಕೇಳಿಸಿದ್ದು ಬಿಸಿ ಎಂಜಿನ್ ಆರುವ ಟಿಕಟಿಕ ಒಂದೇ. ಅದು ನಿಂತ ಮೇಲೆ, ಒಳಗಿನಿಂದ, ತೀರ ಸಣ್ಣಗೆ ಒಂದು ಸದ್ದು ಬಂತು.

"ಕಡಿಮಿ ಅದಾವ" ಎಂದಳು ಆಕೆ. ಮುಚ್ಚಳದ ಮೇಲೆ ಅಂಗೈ ಊರಿ, "ಅದಾವ" ಎಂದಳು.